84 ಕಿಲೋದಿಂದ ನಿಧಾನವಾಗಿ ಇಳಿಯಬೇಕು: ದಿನಕ್ಕೆ ಎಷ್ಟು ಕ್ಯಾಲರಿ, ನಮ್ಮ ಊಟದಲ್ಲಿ ಅದನ್ನು ಲೆಕ್ಕ ಹಾಕುವುದು ಹೇಗೆ?

ಬದಿಯಡ್ಕದವ · ಜನವರಿ 6

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ, ಎತ್ತರ 168 ಸೆಂ.ಮೀ., ಇವತ್ತು ಬೆಳಗ್ಗಿನ ತೂಕ 84 ಕಿಲೋ. ಪೇಟೆಯಲ್ಲಿ ಜೆರಾಕ್ಸ್ ಮತ್ತು ಸ್ಟೇಷನರಿ ಅಂಗಡಿ. ಒಂಬತ್ತಕ್ಕೆ ಬಾಗಿಲು ತೆಗೆದರೆ ರಾತ್ರಿ ಎಂಟರವರೆಗೂ ಅಲ್ಲೇ ಕುಳಿತಿರುವುದು. ಮನೆ ಹತ್ತಿರ ಸ್ವಲ್ಪ ಅಡಿಕೆ ತೋಟ ಉಂಟು, ಬೆಳಗ್ಗೆ ಒಂದು ಗಂಟೆ ನೀರು ಬಿಡುವುದು, ಬಿದ್ದ ಸೋಗೆ ಎಳೆದು ಹಾಕುವುದು ಇಷ್ಟು ಕೆಲಸ.

ಹೋದ ವರ್ಷ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡೆ. ಬೇಗ ಇಳಿಯಬೇಕು ಎಂದು ಒತ್ತಿದೆ, ದಿನಕ್ಕೆ 1200 ಕ್ಯಾಲರಿ ಅಂತ ತೋರಿಸಿತು. ಎರಡು ತಿಂಗಳು ಹಾಗೇ ನಡೆಸಿದೆ. ರಾತ್ರಿ ನಿದ್ದೆ ಇಲ್ಲ, ಅಂಗಡಿಯಲ್ಲಿ ಮಕ್ಕಳ ಮೇಲೆ ರೇಗುವುದು, ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ. 6 ಕಿಲೋ ಇಳಿಯಿತು. ಮದುವೆ, ಕೋಲ, ಕಲಶ ಶುರುವಾದ ಮೇಲೆ ಆ 6 ವಾಪಸು ಬಂತು, ಇನ್ನೂ 2 ಕಿಲೋ ಸೇರಿಯೇ ಬಂತು.

ಕಳೆದ ವಾರ ರಕ್ತ ಪರೀಕ್ಷೆ ಮಾಡಿಸಿದೆ. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಅಂಕೆ (HbA1c) 6.1. ಮಾತ್ರೆ ಈಗ ಬೇಡ, ತೂಕ ಇಳಿಸಿ ಬನ್ನಿ ಎಂದರು ಡಾಕ್ಟರು. ನನ್ನ ಅಪ್ಪನಿಗೆ ಸಕ್ಕರೆ ಕಾಯಿಲೆಯಲ್ಲಿ ಕಾಲಿನ ಎರಡು ಬೆರಳು ತೆಗೆಯಬೇಕಾಗಿ ಬಂದದ್ದನ್ನು ಹತ್ತಿರದಿಂದ ನೋಡಿದವನು ನಾನು. ಆದ್ದರಿಂದ ಈ ಸಲ ಸರಿಯಾಗಿ ಮಾಡಬೇಕು ಅಂತ ಉಂಟು.

ಎರಡು ಸಂಶಯ. ನನಗೆ ನಿಜವಾಗಿ ದಿನಕ್ಕೆ ಎಷ್ಟು ಕ್ಯಾಲರಿ ಬೇಕು? ಇನ್ನೊಂದು, ಆ್ಯಪಿನಲ್ಲಿ ಓಟ್ಸ್, ಬ್ರೆಡ್, ಸಲಾಡ್ ಎಲ್ಲ ಉಂಟು, ನಮ್ಮ ಕುಚ್ಚಲಕ್ಕಿ ಗಂಜಿ, ಕೊದಿಲು (ಕಾಯಿ ಅರೆದ ಸಾಂಬಾರು), ಮೇಲಾರ (ಮಜ್ಜಿಗೆ ಹುಳಿ), ಬಂಗುಡೆ ಸಾರು ಇಲ್ಲ. ಇದನ್ನೆಲ್ಲ ಲೆಕ್ಕ ಹಾಕುವುದು ಹೇಗೆ?


ನೀರ್ಚಾಲು ಮೇಷ್ಟ್ರು · ಜನವರಿ 6

ಮೊದಲ ಪ್ರಶ್ನೆಗೆ ನಾನು ಲೆಕ್ಕ ಮಾಡಿ ಕೊಡುತ್ತೇನೆ, ಗಣಿತ ಕಲಿಸಿದವನು. 1990ರಲ್ಲಿ ಬಂದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ ಈಗ ಹೆಚ್ಚಿನ ಕಡೆ ಬಳಕೆಯಲ್ಲಿದೆ. ತೂಕವನ್ನು 10ರಿಂದ ಗುಣಿಸಿ, ಸೆಂಟಿಮೀಟರಿನ ಎತ್ತರವನ್ನು 6.25ರಿಂದ ಗುಣಿಸಿ, ಎರಡನ್ನೂ ಕೂಡಿಸಿ. ಅದರಿಂದ ವಯಸ್ಸಿನ ಐದು ಪಟ್ಟು ಕಳೆಯಿರಿ. ಗಂಡಸಾದರೆ 5 ಸೇರಿಸಿ, ಹೆಂಗಸಾದರೆ 161 ಕಳೆಯಿರಿ.

ನಿಮ್ಮದು 840 + 1050 − 215 + 5, ಒಟ್ಟು 1680. ದಿನವಿಡೀ ಅಲ್ಲಾಡದೆ ಮಲಗಿದ್ದರೂ ಹೃದಯ, ಶ್ವಾಸಕೋಶ, ಮಿದುಳು, ಪಿತ್ತಜನಕಾಂಗ ನಡೆಯಲು ದೇಹ ಖರ್ಚು ಮಾಡುವ ಶಕ್ತಿ ಇದು. ನಿಮ್ಮ ಆ್ಯಪ್ ಕೊಟ್ಟ 1200 ಅದಕ್ಕಿಂತಲೂ 480 ಕಮ್ಮಿ. ಕಣ್ಣು ಕತ್ತಲೆ ಬಂದದ್ದರಲ್ಲಿ ಆಶ್ಚರ್ಯ ಇಲ್ಲ.

ಓಡಾಟಕ್ಕೆ ಇದನ್ನು ಇನ್ನೊಂದು ಅಂಕೆಯಿಂದ ಗುಣಿಸಬೇಕು. ಕುಳಿತು ಮಾಡುವ ಕೆಲಸಕ್ಕೆ 1.2, ಸ್ವಲ್ಪ ಓಡಾಟ ಇದ್ದರೆ 1.375, ಮಧ್ಯಮ ಶ್ರಮಕ್ಕೆ 1.55, ಭಾರೀ ದುಡಿಮೆಗೆ 1.725. ನಿಮಗೆ 1.2 ಸರಿ. 1680 × 1.2 ಅಂದರೆ 2016. ಅಷ್ಟು ತಿಂದರೆ ತೂಕ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಅದರಿಂದ 500 ಕಳೆದರೆ 1516.


ಬದಿಯಡ್ಕದವ · ಜನವರಿ 6

ಮೇಷ್ಟ್ರೇ, ತೋಟದ ಒಂದು ಗಂಟೆ ಕೆಲಸ ಇದಕ್ಕೆ ಸೇರುವುದಿಲ್ಲವಾ? 1.375 ಹಿಡಿದರೆ 2310 ಆಗುತ್ತದೆ. ಎರಡರ ನಡುವೆ ಸುಮಾರು 300ರ ವ್ಯತ್ಯಾಸ!


ಕುಂಬಳೆಯ ಪಥ್ಯದಕ್ಕ · ಜನವರಿ 7

ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಪಥ್ಯಾಹಾರ ವಿಭಾಗದಲ್ಲಿ ಕೆಲಸ ಮಾಡುವವಳು. ದಿನಾ ರೈಲಿನಲ್ಲಿ ಹೋಗಿ ಬರುವುದು, ಈಗಲೂ ರೈಲಿನಲ್ಲೇ ಕುಳಿತು ಬರೆಯುತ್ತಿದ್ದೇನೆ.

ಮೇಷ್ಟ್ರ ಲೆಕ್ಕ ಸರಿ. ಆದರೆ ಈ 300ರ ವ್ಯತ್ಯಾಸವನ್ನು ಸೂತ್ರ ಬಗೆಹರಿಸುವುದಿಲ್ಲ. ಒಂದೇ ಎತ್ತರ, ಒಂದೇ ತೂಕ, ಒಂದೇ ವಯಸ್ಸಿನ ಇಬ್ಬರ ಖರ್ಚು ಒಂದೇ ಆಗಿರಬೇಕೆಂದಿಲ್ಲ. ಸ್ನಾಯು ಎಷ್ಟು, ಕೂತಲ್ಲಿಯೂ ಕೈಕಾಲು ಆಡಿಸುತ್ತಿರುತ್ತಾರಾ, ಗಿರಾಕಿ ಬಂದಾಗ ಎದ್ದು ಓಡಾಡುತ್ತಾರಾ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಸೂತ್ರದ ಅಂಕೆಯಿಂದ ಹೊರಡಬೇಕು, ಆಮೇಲೆ ದೇಹವನ್ನೇ ಕೇಳಬೇಕು.

ಹಾಗಾಗಿ ಅಣ್ಣ, 2016ನ್ನೂ ಹಿಡಿಯಬೇಡಿ, 2310ನ್ನೂ ಹಿಡಿಯಬೇಡಿ. ನಡುವೆ 2160 ಇರಬಹುದು ಎಂದುಕೊಂಡು 1800ರಲ್ಲಿ ಶುರು ಮಾಡಿ, ಆರು ವಾರ ಬದಲಾಯಿಸಬೇಡಿ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲರಿ. ದಿನಕ್ಕೆ 350 ಕಮ್ಮಿಯಾದರೆ ವಾರಕ್ಕೆ 300 ಗ್ರಾಂ ಚಿಲ್ಲರೆ ಇಳಿಯುತ್ತದೆ. ಕಮ್ಮಿ ಅನಿಸುತ್ತದೆ, ಗೊತ್ತುಂಟು. 1500ಕ್ಕೆ ಇಳಿಸಿ ಎಂದು ಮೇಷ್ಟ್ರು ಹೇಳಿದ್ದು ತಪ್ಪು ಅಂತ ಅಲ್ಲ, ವೈದ್ಯರ ಕಣ್ಣಿಲ್ಲದೆ ಗಂಡಸರು 1500ಕ್ಕಿಂತ, ಹೆಂಗಸರು 1200ಕ್ಕಿಂತ ಕೆಳಗೆ ಹೋಗಬಾರದು ಎಂಬುದು ಸಾಮಾನ್ಯ ಎಚ್ಚರಿಕೆ. ನೀವು ಮೊದಲ ದಿನವೇ ಆ ಗೆರೆಯ ಮೇಲೆ ನಿಂತರೆ ಮುಂದೆ ತೂಕ ನಿಂತಾಗ ಇಳಿಸಲು ಜಾಗವೇ ಇರುವುದಿಲ್ಲ.

ಕಳೆದ ವರ್ಷ ನಿಮ್ಮಿಂದ ಹೋದ 6 ಕಿಲೋದಲ್ಲಿ ಕೊಬ್ಬು ಮಾತ್ರ ಇರಲಿಲ್ಲ, ಸ್ನಾಯುವೂ ಹೋಗಿತ್ತು. ವಾಪಸು ಬಂದದ್ದು ಹೆಚ್ಚಾಗಿ ಕೊಬ್ಬು. ಅದಕ್ಕೇ ಈ ಸಲ ಪ್ರೊಟೀನಿನ ಮೇಲೆ ಕಣ್ಣಿಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ್ದು ಕಿಲೋ ತೂಕಕ್ಕೆ 0.83 ಗ್ರಾಂ. ಅದು ಆರೋಗ್ಯವಂತರ ದಿನನಿತ್ಯದ ಮಾತು. ತೂಕ ಇಳಿಸುವಾಗ ಸ್ವಲ್ಪ ಜಾಸ್ತಿ ಬೇಕಾಗುತ್ತದೆ, ನೀವು ದಿನಕ್ಕೆ 80ರಿಂದ 90 ಗ್ರಾಂ ಮುಟ್ಟುವಂತೆ ನೋಡಿ. ಮೂತ್ರಪಿಂಡದ ತೊಂದರೆ ಇದ್ದವರು ಈ ಅಂಕೆಯನ್ನು ಹಾಗೇ ತೆಗೆದುಕೊಳ್ಳಬೇಡಿ, ನಿಮ್ಮ ಡಾಕ್ಟರನ್ನು ಕೇಳಿ.

ಹೊಟ್ಟೆಯ ಸುತ್ತಳತೆಯನ್ನೂ ಬರೆದಿಡಿ. ನಮ್ಮವರಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಿದರೆ ಅಪಾಯ ಎಂದು ಲೆಕ್ಕ. ತೂಕ–ಎತ್ತರದ ಸೂಚ್ಯಂಕ (BMI) ಯುರೋಪಿನವರಿಗೆ 25 ದಾಟಿದರೆ ಅಧಿಕ ತೂಕ, ನಮಗೆ 23ಕ್ಕೇ ಅಧಿಕ ತೂಕ, 25ಕ್ಕೆ ಬೊಜ್ಜು. ನಿಮ್ಮದು ಈಗ 29.8. ಪೂರ್ತಿ ಸಪೂರ ಆಗಬೇಕೆಂದಿಲ್ಲ. ತೂಕದ ನೂರಕ್ಕೆ 5 ಪಾಲು, ಅಂದರೆ ನಾಲ್ಕು ಕಿಲೋ ಚಿಲ್ಲರೆ ಹೋದರೂ ಸಕ್ಕರೆ, ರಕ್ತದೊತ್ತಡ ಎರಡಕ್ಕೂ ಗುಣ ಕಾಣುತ್ತದೆ.


ನೀರ್ಚಾಲು ಮೇಷ್ಟ್ರು · ಜನವರಿ 7

ಒಪ್ಪಿದೆ ಅಕ್ಕ. ಆರು ವಾರದ ಅಂಕೆ ಸಿಕ್ಕಿದರೆ ನಾನೇ ಕುಳಿತು ಲೆಕ್ಕ ಮಾಡುತ್ತೇನೆ. ಒಂದು ಮಾತು ಬದಿಯಡ್ಕದವರಿಗೆ: ದಿನಾ ಬೆಳಗ್ಗೆ ಶೌಚ ಮುಗಿಸಿ, ಏನೂ ಕುಡಿಯುವ ಮೊದಲು, ಒಂದೇ ತೂಕದ ಯಂತ್ರದಲ್ಲಿ, ಒಂದೇ ಜಾಗದಲ್ಲಿ ನಿಲ್ಲಿ. ಆ ದಿನದ ಅಂಕೆಗೆ ಬೆಲೆ ಕೊಡಬೇಡಿ. ಏಳು ದಿನದ್ದು ಕೂಡಿಸಿ ಏಳರಿಂದ ಭಾಗಿಸಿ. ವಾರದ ಸರಾಸರಿಯನ್ನು ಇನ್ನೊಂದು ವಾರದ ಸರಾಸರಿಯ ಜೊತೆ ಮಾತ್ರ ಹೋಲಿಸಿ.


ಪೆರ್ಲದ ಅತ್ತಿಗೆ · ಜನವರಿ 8

ಎರಡನೆಯ ಪ್ರಶ್ನೆಗೆ ಯಾರೂ ಕೈ ಹಾಕಲಿಲ್ಲ, ಅದು ಅಡುಗೆಮನೆಯವರ ಪ್ರಶ್ನೆ, ನಾನು ಹೇಳುತ್ತೇನೆ. ನಮ್ಮದು ಐದು ಜನರ ಮನೆ. ಅತ್ತೆ, ಯಜಮಾನರು, ನಾನು, ದೊಡ್ಡ ಮಕ್ಕಳಿಬ್ಬರು. ಎರಡು ವರ್ಷದ ಹಿಂದೆ ಯಜಮಾನರಿಗೆ ತೂಕ ಇಳಿಸಲು ಹೇಳಿದಾಗ ಒಂದು ಸಣ್ಣ ಡಿಜಿಟಲ್ ತಕ್ಕಡಿ ತಂದೆವು. ಅದು ಬಂದ ಮೇಲೆ ನನಗೆ ನನ್ನ ಅಡುಗೆಯೇ ಹೊಸದಾಗಿ ಗೊತ್ತಾಯಿತು.

ಮೊದಲು ಅನ್ನ. ಅನ್ನವನ್ನು ಬೌಲಿನಲ್ಲಿ ಅಳೆದರೆ ಪ್ರಯೋಜನ ಇಲ್ಲ. ಕುಚ್ಚಲಕ್ಕಿ ಬೆಳ್ತಿಗೆ ಅಕ್ಕಿಯಂತಲ್ಲ (ಬಿಳಿ ಅಕ್ಕಿ), ನೀರು ಹೆಚ್ಚು ಕುಡಿಯುತ್ತದೆ, ಬೆಂದ ಹದದ ಮೇಲೆ ತೂಕ ಬದಲಾಗುತ್ತದೆ. ಅದಕ್ಕೆ ನಾನು ಅಕ್ಕಿಯನ್ನೇ ತೂಗುತ್ತೇನೆ. ಯಾವ ಅಕ್ಕಿಯಾದರೂ 100 ಗ್ರಾಂಗೆ ಸುಮಾರು 350 ಕ್ಯಾಲರಿ. ಇಡೀ ದಿನಕ್ಕೆ 700 ಗ್ರಾಂ ಹಾಕಿದೆ ಎಂದರೆ 2450. ಬೆಂದು ತೆಳಿ (ಗಂಜಿನೀರು) ಬಸಿದ ಮೇಲೆ ಅನ್ನವನ್ನು ಪಾತ್ರೆಯ ತೂಕ ಕಳೆದು ತೂಗಿದೆ, 2100 ಗ್ರಾಂ ಬಂತು. ಹಾಗಾದರೆ 100 ಗ್ರಾಂ ಅನ್ನಕ್ಕೆ 117. ತೆಳಿಯಲ್ಲಿ ಸ್ವಲ್ಪ ಹೋಗುತ್ತದೆ, ಅದನ್ನು ಬಿಟ್ಟುಬಿಡಿ. ಯಜಮಾನರು ಯಾವಾಗಲೂ "ಎರಡೇ ಸೌಟು" ಎನ್ನುತ್ತಿದ್ದರು. ಆ ಎರಡು ಸೌಟು ತೂಗಿದರೆ 380 ಗ್ರಾಂ, ಅಂದರೆ 445 ಕ್ಯಾಲರಿ. ಎರಡನೇ ಸಲ ಮಜ್ಜಿಗೆಗೆ ಬಡಿಸಿಕೊಳ್ಳುವುದು ಬೇರೆ. ರಾತ್ರಿ ಗಂಜಿಗಾದರೆ ಅನ್ನವನ್ನು ಬಟ್ಟಲಿಗೆ ಹಾಕಿ ತೂಗಿ, ಆಮೇಲೆ ತೆಳಿ ಹೊಯ್ಯಿರಿ.

ಇನ್ನು ತೆಂಗಿನಕಾಯಿ. ನನ್ನ ಕಣ್ಣು ತೆರೆಸಿದ್ದು ಇದೇ. ನಮ್ಮ ತೋಟದ ಹದ ಗಾತ್ರದ ಒಂದು ಕಾಯಿ ತುರಿದರೆ 230 ಗ್ರಾಂ. ಹಸಿ ಕಾಯಿತುರಿ 100 ಗ್ರಾಂಗೆ 350ರಿಂದ 400 ಕ್ಯಾಲರಿ ಎನ್ನುತ್ತಾರೆ, ನಾನು 370 ಹಿಡಿದೆ. ಬೆಳಗ್ಗೆ ದೋಸೆಗೆ ಚಟ್ನಿ ಅರ್ಧ ಕಾಯಿ, ಕೊದಿಲಿಗೆ ಅರೆದದ್ದು ಅರ್ಧ, ಪಲ್ಯಕ್ಕೆ ಉದುರಿಸಿದ್ದು ಕಾಲು. ಒಟ್ಟು ಒಂದೂಕಾಲು ಕಾಯಿ, 290 ಗ್ರಾಂ ಹತ್ತಿರ, 1070 ಕ್ಯಾಲರಿ. ಐದು ಜನಕ್ಕೆ ಹಂಚಿದರೆ ತಲೆಗೆ 214.

ಎಣ್ಣೆಯನ್ನು ದಿನಾ ಚಮಚದಲ್ಲಿ ಅಳೆಯುವುದು ನನ್ನಿಂದಾಗದ ಕೆಲಸ. ನಾನು ಡಬ್ಬಿಯ ಮೇಲೆ ತೆಗೆದ ತಾರೀಕು ಬರೆದಿಟ್ಟೆ. ತಿಂಗಳಿಗೆ ಮೂರೂವರೆ ಲೀಟರ್ ತೆಂಗಿನೆಣ್ಣೆ ಖಾಲಿ. ಒಂದು ಲೀಟರಿನಲ್ಲಿ ಸುಮಾರು 8200 ಕ್ಯಾಲರಿ. ಮೂರೂವರೆಗೆ 28,700, ಮೂವತ್ತು ದಿನ, ಐದು ಜನ: ತಲೆಗೆ ದಿನಕ್ಕೆ 191.

ಕಾಯಿ ಮತ್ತು ಎಣ್ಣೆ ಸೇರಿ ಒಬ್ಬೊಬ್ಬರಿಗೆ 400. ಬಟ್ಟಲಲ್ಲಿ ಕಣ್ಣಿಗೆ ಕಾಣುವುದು ಸೌತೆಕಾಯಿ ಹೋಳು ಮಾತ್ರ. ಆ್ಯಪಿನಲ್ಲಿ "ತರಕಾರಿ ಸಾಂಬಾರು ಒಂದು ಕಪ್" ಎಂದು ಹಾಕಿದರೆ ಇದು ಎಲ್ಲಿ ಸಿಗಬೇಕು? ಬದಿಯಡ್ಕದ ಅಣ್ಣ, ನೀವು ಕಳೆದ ವರ್ಷ 1200 ಎಂದು ಬರೆದದ್ದು ನಿಜವಾಗಿ 1500ರ ಮೇಲೆ ಇದ್ದಿರಲೂಬಹುದು.

ಕಾಯಿ ಬಿಡಿ ಎಂದು ನಾನು ಹೇಳುವುದಿಲ್ಲ, ಕಾಯಿ ಇಲ್ಲದ ಕೊದಿಲು ನಮಗೆ ಕೊದಿಲೇ ಅಲ್ಲ. ನಾನು ಮಾಡಿದ್ದು ಇಷ್ಟೇ: ಒಂದು ಹೊತ್ತಿಗೆ ಕಾಯಿ ಅರೆದ ಪದಾರ್ಥ ಒಂದೇ. ಕೊದಿಲು ಇದ್ದ ದಿನ ಪಲ್ಯಕ್ಕೆ ಕಾಯಿ ಇಲ್ಲ. ಮೇಲಾರ ಮಾಡಿದ ದಿನ ಬದಿಗೆ ತಿಳಿಸಾರು. ತಂಬುಳಿಗೆ ಕಾಯಿ ಕಮ್ಮಿ, ಮಜ್ಜಿಗೆ ಜಾಸ್ತಿ.


ಬದಿಯಡ್ಕದವ · ಜನವರಿ 8

ಅತ್ತಿಗೆ, ಇದನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ಎದ್ದು ಹೋಗಿ ಎಣ್ಣೆ ಡಬ್ಬಿಯ ಮೇಲೆ ತಾರೀಕು ಬರೆದಳು. ನಾಳೆ ತಕ್ಕಡಿ ತರುತ್ತೇನೆ.

ಅವಳೂ ಸೇರುತ್ತೇನೆ ಎನ್ನುತ್ತಾಳೆ. 38 ವರ್ಷ, 156 ಸೆಂ.ಮೀ., 66 ಕಿಲೋ. ಅವಳಿಗೂ 1800 ಸಾಕಾ?


ಕುಂಬಳೆಯ ಪಥ್ಯದಕ್ಕ · ಜನವರಿ 8

ಇಲ್ಲ, ಅವರಿಗೆ ಬೇರೆ ಅಂಕೆ. 660 + 975 − 190 − 161, ಅಂದರೆ 1284. ಮನೆಗೆಲಸ, ನೀರು, ತೋಟ ಎಲ್ಲ ಸೇರಿ 1.375 ಹಿಡಿದರೆ 1765. 1800 ತಿಂದರೆ ಇದ್ದಲ್ಲೇ ಇರುತ್ತಾರೆ. 1450ರಿಂದ 1500ರಲ್ಲಿ ಶುರು ಮಾಡಲಿ. ಮುಟ್ಟಿನ ಮುಂಚಿನ ದಿನಗಳಲ್ಲಿ ಮೈಯಲ್ಲಿ ನೀರು ನಿಂತು ಒಂದೆರಡು ಕಿಲೋ ಏರಿದಂತೆ ಕಾಣಬಹುದು. ಅವರು ವಾರಕ್ಕೆ ವಾರ ಹೋಲಿಸುವುದಕ್ಕಿಂತ ಹಿಂದಿನ ತಿಂಗಳ ಅದೇ ಹೊತ್ತಿನ ವಾರಕ್ಕೆ ಹೋಲಿಸಿದರೆ ಒಳ್ಳೆಯದು.

ಗಂಡನಿಗೆ ಬಡಿಸಿ ಉಳಿದದ್ದನ್ನು ಕೊನೆಗೆ ತಿನ್ನುವುದು, ಮಕ್ಕಳ ತಟ್ಟೆಯ ಉಳಿದ ದೋಸೆ ಹಾಳಾಗಬಾರದೆಂದು ಬಾಯಿಗೆ ಹಾಕಿಕೊಳ್ಳುವುದು, ಇದೂ ಬರೆಯಬೇಕು. ನಮ್ಮ ಹೆಂಗಸರ ಲೆಕ್ಕ ತಪ್ಪುವುದು ಇಲ್ಲಿ. ಅವರೂ ಎಲ್ಲರ ಜೊತೆ ಕುಳಿತು, ತನ್ನ ತಟ್ಟೆಗೆ ತಾನು ತೂಗಿ ಹಾಕಿಕೊಂಡು ಊಟ ಮಾಡಲಿ. ಇದು ತೂಕಕ್ಕಾಗಿ ಮಾತ್ರ ಹೇಳುವ ಮಾತಲ್ಲ.


ಅಡೂರಿನ ದೋಟಿ · ಜನವರಿ 9

ನಾನು ಅಡಿಕೆ ಕೊಯ್ಲಿನವ. ಐದಾರು ವರ್ಷದ ಹಿಂದೆ ದಿನಕ್ಕೆ ಎಪ್ಪತ್ತು ಎಂಬತ್ತು ಮರ ಹತ್ತುತ್ತಿದ್ದೆ. ಆಗ ಬೆಳಗ್ಗೆ ಗಂಜಿ, ಹತ್ತು ಗಂಟೆಗೆ ಅವಲಕ್ಕಿ ಚಾ, ಮಧ್ಯಾಹ್ನ ಅನ್ನ ಲೆಕ್ಕವಿಲ್ಲದೆ, ಸಂಜೆ ಪರೋಟ, ಏನು ತಿಂದರೂ 62 ಕಿಲೋ ದಾಟಲಿಲ್ಲ. ಈಗ ಕಾರ್ಬನ್ ಫೈಬರ್ ದೋಟಿ (ಕೊಯ್ಯುವ ಉದ್ದ ಕೋಲು) ಬಂದಿದೆ, ನೆಲದಲ್ಲಿ ನಿಂತೇ ಕೊಯ್ಯುವುದು. ಕುತ್ತಿಗೆ ನೋವು ಬಿಟ್ಟರೆ ಜೀವಕ್ಕೆ ಅಪಾಯ ಇಲ್ಲ, ದೇವರ ದಯೆ. ಆದರೆ ಊಟ ಹಳೆಯದೇ ಉಳಿಯಿತು, ಈಗ 73 ಕಿಲೋ. ಮೇಷ್ಟ್ರು ಹೇಳಿದ ಆ 1.725 ಮತ್ತು 1.375 ಓದಿದಾಗ ನನಗೆ ಅರ್ಥವಾಯಿತು, ಮರ ಹತ್ತುವುದು ನಿಂತದ್ದೇ ಕಾರಣ.


ನೀರ್ಚಾಲು ಮೇಷ್ಟ್ರು · ಜನವರಿ 9

ಎಷ್ಟು ಚಂದ ಹೇಳಿದಿರಿ. ನಾನು ಮೂವತ್ತು ವರ್ಷ ಗುಣಕ ಕಲಿಸಿದೆ, ಇಷ್ಟು ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿರಲಿಲ್ಲ.


ಉಪ್ಪಳದ ಉಮ್ಮ · ಜನವರಿ 11

ನಮ್ಮಲ್ಲಿ ಬಿರಿಯಾನಿ, ನೈಚೋರು (ತುಪ್ಪದನ್ನ), ಪತ್ತಿರಿ (ಅಕ್ಕಿ ರೊಟ್ಟಿ), ಮೀನು ಹುರಿದದ್ದು. ಗಲ್ಫಿನಿಂದ ಯಾರಾದರೂ ಬಂದರೆ ತಿಂಗಳು ಪೂರ್ತಿ ನೆಂಟರ ಊಟ. ಮುಂದೆ ಉಪವಾಸದ ತಿಂಗಳೂ ಬರುತ್ತದೆ. ಹೋದ ಸಲ ಉಪವಾಸದಲ್ಲಿ ನನಗೆ ತೂಕ ಏರಿತು, ನಾಚಿಕೆಯಾಗಿ ಯಾರಿಗೂ ಹೇಳಲಿಲ್ಲ. ಹಗಲಿಡೀ ಒಂದು ತೊಟ್ಟು ನೀರೂ ಕುಡಿಯದವಳಿಗೆ ಹೇಗೆ ಏರಿತು?


ಕುಂಬಳೆಯ ಪಥ್ಯದಕ್ಕ · ಜನವರಿ 11

ನಾಚಿಕೆ ಯಾಕೆ ಉಮ್ಮ, ಇದು ತುಂಬ ಜನರಿಗೆ ಆಗುತ್ತದೆ. ತಿನ್ನುವ ಹೊತ್ತು ಕಮ್ಮಿಯಾದರೂ ತಿಂದದ್ದರ ಮೊತ್ತ ಕಮ್ಮಿ ಆಗಿರುವುದಿಲ್ಲ. ಇಫ್ತಾರಿನಲ್ಲಿ ಸಮೋಸ, ಪಳಂಪೊರಿ (ಕರಿದ ಬಾಳೆಹಣ್ಣು), ಸಕ್ಕರೆ ಹಾಕಿದ ಶರಬತ್ತು, ಆಮೇಲೆ ಊಟ, ಮತ್ತೆ ಬೆಳಗಿನ ಜಾವದ ಸಹರಿಗೆ. ಕರಿದ ತಿಂಡಿ ಎಣ್ಣೆ ಹೀರುತ್ತದೆ, ಒಂದು ಗ್ರಾಂ ಎಣ್ಣೆಗೆ 9 ಕ್ಯಾಲರಿ, ಅಕ್ಕಿ–ಗೋಧಿಯ ಹಿಟ್ಟಿನ ಅಂಶಕ್ಕಾಗಲಿ ಪ್ರೊಟೀನಿಗಾಗಲಿ ಗ್ರಾಂಗೆ 4 ಮಾತ್ರ. ಖರ್ಜೂರ ಎರಡು, ನೀರು, ತರಿ (ರವೆ) ಗಂಜಿ, ಆಮೇಲೆ ಮೀನಿನ ಸಾರು ಮತ್ತು ಪತ್ತಿರಿ, ಕರಿದದ್ದು ವಾರಕ್ಕೆ ಎರಡು ದಿನ. ಸಹರಿಗೆ ಮೊಟ್ಟೆ ಸೇರಿಸಿ. ಒಂದು ಮೊಟ್ಟೆಗೆ 70 ಕ್ಯಾಲರಿ, 6 ಗ್ರಾಂ ಪ್ರೊಟೀನು, ಹಸಿವೂ ತಡೆಯುತ್ತದೆ.

ಪ್ರೊಟೀನಿಗೆ ನಮ್ಮ ಕರಾವಳಿಯಷ್ಟು ಅನುಕೂಲ ಬೇರೆಲ್ಲಿ ಉಂಟು! 100 ಗ್ರಾಂ ಬಂಗುಡೆ ಅಥವಾ ಬೂತಾಯಿ ತಿಂದರೆ 20 ಗ್ರಾಂ ಹತ್ತಿರ ಬಂತು. ಸಾರು ಮಾಡಿ, ಇಲ್ಲವೇ ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸಿ. ಮೀನು ತಿನ್ನದ ಮನೆಯವರಿಗೆ ಹುರುಳಿ, ಹೆಸರು, ಅಲಸಂಡೆ, ಕಡಲೆ. ಒಣಗಿದ ಕಾಳು 100 ಗ್ರಾಂಗೆ 20ರಿಂದ 24 ಗ್ರಾಂ.


ಮುಳ್ಳೇರಿಯದ ಸಿಸ್ಟರ್ · ಜನವರಿ 12

ಓದುತ್ತಾ ಬಂದೆ, ಒಂದು ವಿಷಯ ಯಾರೂ ಹೇಳಿಲ್ಲ, ನನಗೆ ಭಯ ಇರುವುದು ಅದರ ಬಗ್ಗೆ. ಇಲ್ಲಿ ಓದುವವರಲ್ಲಿ ಸಕ್ಕರೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರು ಇದ್ದರೆ, ದಯವಿಟ್ಟು ಡಾಕ್ಟರಿಗೆ ಹೇಳದೆ ಊಟ ಕಡಿಮೆ ಮಾಡಬೇಡಿ. ಊಟ ಇಳಿದು ಮದ್ದು ಹಳೆಯದೇ ಆದರೆ ಸಕ್ಕರೆ ಪಾತಾಳಕ್ಕೆ ಹೋಗುತ್ತದೆ. ಬೆವರು, ನಡುಕ, ಮಾತು ತಡವರಿಸುವುದು, ಎಚ್ಚರ ತಪ್ಪುವುದು. ರಾತ್ರಿ ಪಾಳಿಯಲ್ಲಿ ಇಂಥವರನ್ನು ಎತ್ತಿಕೊಂಡು ಬಂದದ್ದನ್ನು ಕಂಡಿದ್ದೇನೆ. ಉಪವಾಸ ಹಿಡಿಯುವವರೂ ಒಂದು ತಿಂಗಳು ಮುಂಚೆಯೇ ಕೇಳಿಕೊಳ್ಳಿ. ರಕ್ತದೊತ್ತಡದ ಮಾತ್ರೆಯವರಿಗೆ ತೂಕ ಇಳಿದಂತೆ ಎದ್ದಾಗ ತಲೆ ತಿರುಗಬಹುದು, ಆಗ ಡೋಸ್ ನೋಡಬೇಕಾಗುತ್ತದೆ.

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಹದಿನೆಂಟು ತುಂಬದ ಮಕ್ಕಳು ಈ ಲೆಕ್ಕಕ್ಕೆ ಇಳಿಯಬಾರದು.

ತುಂಬ ವೇಗವಾಗಿ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲು ಆಗುವ ಸಂಭವವೂ ಹೆಚ್ಚು.


ಬದಿಯಡ್ಕದವ · ಜನವರಿ 14

ಸಿಸ್ಟರ್, ನನಗೆ ಮಾತ್ರೆ ಯಾವುದೂ ಇಲ್ಲ, ಆದರೂ ಡಾಕ್ಟರಿಗೆ ಫೋನ್ ಮಾಡಿ 1800ರ ಬಗ್ಗೆ ಹೇಳಿದೆ, ಮಾಡಿ ಎಂದರು.

ಏಳು ದಿನ ಬರೆದು ನೋಡಿದ್ದರಲ್ಲಿ ನನಗೆ ಗೊತ್ತಾದ ದೊಡ್ಡ ವಿಷಯ ಚಾ. ಅಂಗಡಿಗೆ ಪಕ್ಕದ ಹೋಟೆಲಿನಿಂದ ಗ್ಲಾಸು ಬರುತ್ತದೆ. ಎರಡು ಚಮಚ ಸಕ್ಕರೆ ಅಂದರೆ 40 ಕ್ಯಾಲರಿ, ಅರ್ಧ ಗ್ಲಾಸ್ ಹಾಲು 50. ಒಂದು ಚಾಕ್ಕೆ 90. ಗಿರಾಕಿ, ಸ್ನೇಹಿತರು ಬಂದಾಗಲೆಲ್ಲ ಸೇರಿ ಆರು ಚಾ. ನೋಡಿ, 540! ಊಟಕ್ಕಿಂತ ಹೆಚ್ಚು. ಈಗ ಎರಡು ಹಾಲಿನ ಚಾ, ಅರ್ಧ ಸಕ್ಕರೆ. ಉಳಿದದ್ದು ನಿಂಬೆ ಹಾಕಿದ, ಹಾಲಿಲ್ಲದ ಕಣ್ಣ ಚಾ ಅಥವಾ ನೀರು ಮಜ್ಜಿಗೆ.

ಸಂಜೆ ನೇಂದ್ರ ಬಾಳೆಕಾಯಿ ಚಿಪ್ಸಿನ ಪ್ಯಾಕೆಟ್ ಅಂಗಡಿಯಲ್ಲೇ ಮಾರುವುದು, ಕೈ ಹೋಗುತ್ತಿತ್ತು. 100 ಗ್ರಾಂಗೆ 500ರ ಮೇಲೆ ಉಂಟು. ಡಬ್ಬಿಯನ್ನು ಕೈಗೆಟುಕದ ಮೇಲಿನ ಅಟ್ಟೆಗೆ ಏರಿಸಿದೆ.

ಮೊದಲ ವಾರದ ಸರಾಸರಿ 83.6.


ಬದಿಯಡ್ಕದವ · ಜನವರಿ 21

ಎರಡನೇ ವಾರ 82.6! ಒಂದೇ ವಾರಕ್ಕೆ ಒಂದು ಕಿಲೋ. ಹೀಗೇ ಹೋದರೆ ಏಪ್ರಿಲ್ ಮಧ್ಯದ ವಿಷುವಿಗೆ 71 ಆಗಬಹುದಲ್ಲ?


ಕುಂಬಳೆಯ ಪಥ್ಯದಕ್ಕ · ಜನವರಿ 21

ಅಣ್ಣ, ಸಂತೋಷ. ಆದರೆ ಈಗಿನಿಂದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ವಾರ ಬೇಜಾರಾಗುತ್ತೀರಿ. ಯಕೃತ್ತು ಮತ್ತು ಸ್ನಾಯುಗಳಲ್ಲಿ ದೇಹ ಸ್ವಲ್ಪ ಪಿಷ್ಟವನ್ನು ಗ್ಲೈಕೋಜನ್ ಆಗಿ ಕೂಡಿಟ್ಟಿರುತ್ತದೆ. ಅದರ ಒಂದು ಗ್ರಾಂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಅನ್ನ, ಸಕ್ಕರೆ ಕಮ್ಮಿಯಾದಾಗ ಅದು ಕರಗಿ ನೀರು ಹೊರಗೆ ಹೋಗುತ್ತದೆ. ಈ ಎರಡು ವಾರದಲ್ಲಿ ಹೋದದ್ದರಲ್ಲಿ ಹೆಚ್ಚಿನದು ಆ ನೀರು. ಎರಡನೇ ವಾರದ 82.6ನ್ನೇ ನಿಮ್ಮ ಆರಂಭ ಎಂದು ಬರೆದಿಡಿ.


ಬದಿಯಡ್ಕದವ · ಜನವರಿ 28

ನೀವು ಹೇಳಿದ ಹಾಗೇ ಆಯಿತು. ಮೂರನೇ ವಾರ 82.5. ನಿಂತೇ ಬಿಟ್ಟಿತು. ನಡುವೆ ಊರಿನ ದೇವಸ್ಥಾನದಲ್ಲಿ ಬ್ರಹ್ಮಕಲಶ, ಎರಡು ದಿನ ಅಲ್ಲೇ ಊಟ. ಎರಡು ಪಾಯಸ, ಹೋಳಿಗೆ. ಬಡಿಸುವ ಕೆಲಸವೂ ನನ್ನದೇ ಇತ್ತು, ಕೊನೆಯ ಪಂಕ್ತಿಯಲ್ಲಿ ಕುಳಿತಾಗ ಬೇಡ ಎನ್ನಲು ಮನಸ್ಸು ಬರಲಿಲ್ಲ. ದೇವರ ಪ್ರಸಾದವನ್ನು ಲೆಕ್ಕ ಹಾಕಲು ಮನಸ್ಸು ಒಪ್ಪಲೂ ಇಲ್ಲ. ನಾಳೆಯಿಂದ ಮೂರು ದಿನ ಒಂದೇ ಹೊತ್ತು ಊಟ ಮಾಡಿ ಸರಿ ಮಾಡಲಾ?


ಪೆರ್ಲದ ಅತ್ತಿಗೆ · ಜನವರಿ 28

ಬೇಡ ಬೇಡ. ಹಾಗೆ ಮಾಡಿದರೆ ನಾಲ್ಕನೇ ದಿನ ರಾತ್ರಿ ಅಡುಗೆಮನೆಯಲ್ಲಿ ನಿಂತುಕೊಂಡು ತಿನ್ನುತ್ತೀರಿ. ನಮ್ಮ ಯಜಮಾನರಿಗೂ ಇದೇ ಆಗಿತ್ತು. ನಾಳೆ ಬೆಳಗ್ಗೆ ಮಾಮೂಲಿ ತಿಂಡಿ, ಮಾಮೂಲಿ ಊಟ. ಪ್ರಸಾದ ತಿಂದದ್ದಕ್ಕೆ ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳಬೇಡಿ.


ನೀರ್ಚಾಲು ಮೇಷ್ಟ್ರು · ಜನವರಿ 28

ವಾರಕ್ಕೆ 1800 × 7, ಅಂದರೆ 12,600 ಇದೆ ಎಂದುಕೊಳ್ಳಿ. ಊಟಕ್ಕೆ ಹೋಗುವುದು ಮೊದಲೇ ಗೊತ್ತಿದ್ದರೆ ಆ ದಿನಕ್ಕೆ 2400 ಇಡಿ, ಉಳಿದ ಆರು ದಿನ 1700. ವಾರದ ಮೊತ್ತ ಅಲ್ಲಿಗೇ ನಿಲ್ಲುತ್ತದೆ. ಗೊತ್ತಿಲ್ಲದೆ ಆದದ್ದನ್ನು ಬರೆದು ಬಿಟ್ಟುಬಿಡಿ. ಸಮಾರಂಭದ ಊಟದಲ್ಲಿ ಉಪ್ಪೂ ಹೆಚ್ಚು, ಉಪ್ಪು ನೀರನ್ನು ಹಿಡಿಯುತ್ತದೆ, ನಿಮ್ಮ 82.5ರಲ್ಲಿ ಅದೂ ಸೇರಿರಬಹುದು.


ಅಡೂರಿನ ದೋಟಿ · ಫೆಬ್ರವರಿ 2

ನಾನು ಬೇರೇನೂ ಮಾಡಲಿಲ್ಲ, ತಕ್ಕಡಿಯೂ ಇಲ್ಲ. ಸಂಜೆಯ ಎರಡು ಪರೋಟ ಬಿಟ್ಟು ಮನೆಗೆ ಹೋಗಿ ಹುರುಳಿ ಸಾರು ಅನ್ನ ತಿಂದೆ. 73 ಇದ್ದದ್ದು 72.1.


ಬದಿಯಡ್ಕದವ · ಫೆಬ್ರವರಿ 18

ಮೇಷ್ಟ್ರೇ, ಆರು ವಾರ ತುಂಬಿತು. ಸರಾಸರಿಗಳು: 83.6, 82.6, 82.5, 82.0, 81.6, 81.3. ಬರೆದ ಪ್ರಕಾರ ದಿನಕ್ಕೆ ತಿಂದದ್ದು ಸರಾಸರಿ 1820, ಕಲಶದ ಊಟ ಅಂದಾಜು ಸೇರಿಸಿ. ಹೊಟ್ಟೆಯ ಸುತ್ತಳತೆ 102 ಇದ್ದದ್ದು 99. ನಿದ್ದೆ ಸರಿಯಾಗಿ ಬರುತ್ತದೆ. ಹೆಂಡತಿ 66ರಿಂದ 64.7.


ನೀರ್ಚಾಲು ಮೇಷ್ಟ್ರು · ಫೆಬ್ರವರಿ 18

ಕಾದು ಕುಳಿತಿದ್ದೆ. ಎರಡನೇ ವಾರದಿಂದ ಆರನೇ ವಾರಕ್ಕೆ 82.6ರಿಂದ 81.3, ನಾಲ್ಕು ವಾರಕ್ಕೆ 1.3 ಕಿಲೋ. ಅದನ್ನು 7700ರಿಂದ ಗುಣಿಸಿದರೆ 10,010. 28 ದಿನಕ್ಕೆ ಭಾಗಿಸಿದರೆ ದಿನಕ್ಕೆ 357 ಕಮ್ಮಿ ತಿಂದಿದ್ದೀರಿ. ತಿಂದ 1820ಕ್ಕೆ ಅದನ್ನು ಕೂಡಿಸಿದರೆ 2177. ನಿಮ್ಮ ದೇಹದ ನಿಜವಾದ ಖರ್ಚು ಸುಮಾರು ಇಷ್ಟು. ನಾನು ಹೇಳಿದ್ದ 2016ರಲ್ಲೂ ಇಲ್ಲ, ನೀವು ಬಯಸಿದ್ದ 2310ರಲ್ಲೂ ಇಲ್ಲ. ಅಕ್ಕ ಅಂದಾಜಿಸಿದ 2160ರ ಪಕ್ಕದಲ್ಲೇ ಬಂತು. ನಿಮ್ಮ ಬರೆಯುವಿಕೆಯಲ್ಲಿ ಸ್ವಲ್ಪ ತಪ್ಪಿದ್ದರೂ ಚಿಂತೆ ಇಲ್ಲ, ಅದೇ ರೀತಿ ಬರೆಯುತ್ತಾ ಹೋದರೆ ಆ ತಪ್ಪೂ ಲೆಕ್ಕದ ಒಳಗೇ ಸೇರಿರುತ್ತದೆ.


ಬದಿಯಡ್ಕದವ · ಫೆಬ್ರವರಿ 18

ತಿಂಗಳಿಗೆ 1.3 ಕಿಲೋ. 75ಕ್ಕೆ ಬರಲು ಐದು ತಿಂಗಳು ಬೇಕು. ಈಗ 1500ಕ್ಕೆ ಇಳಿಸಲಾ?


ಕುಂಬಳೆಯ ಪಥ್ಯದಕ್ಕ · ಫೆಬ್ರವರಿ 19

ನಿದ್ದೆ ಸರಿ, ಸಿಟ್ಟು ಇಲ್ಲ, ಹಸಿವು ತಡೆಯುತ್ತದೆ, ಸುತ್ತಳತೆ 3 ಸೆಂ.ಮೀ. ಇಳಿದಿದೆ. ಇಷ್ಟೆಲ್ಲ ಸರಿ ಹೋಗುತ್ತಿರುವುದನ್ನು ಯಾಕೆ ಕೆಡಿಸುವುದು? ವೇಗ ಬೇಕೆಂದಿದ್ದರೆ ಊಟಕ್ಕೆ ಕೈ ಹಾಕಬೇಡಿ, ನಡೆಯಿರಿ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಅಥವಾ ಬೆಳಗ್ಗೆ ತೋಟದ ಮೊದಲು 5 ಕಿ.ಮೀ. ನಡೆದರೆ ನಿಮ್ಮ ತೂಕಕ್ಕೆ 200 ಕ್ಯಾಲರಿ ಹತ್ತಿರ ಹೆಚ್ಚು ಖರ್ಚಾಗುತ್ತದೆ. ವಾರಕ್ಕೆ ಐದು ದಿನವಾದರೆ 1000. ಅದನ್ನು "ನಡೆದಿದ್ದೇನಲ್ಲ" ಎಂದು ಮತ್ತೆ ತಿನ್ನಬೇಡಿ. ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮ ಸೇರಿಸಿ, ಮನೆಯಲ್ಲಿ ಅಡಿಕೆಯ ಚೀಲವೋ ನೀರಿನ ಕ್ಯಾನೋ ಸಾಕು, ಸ್ನಾಯು ಉಳಿಯುತ್ತದೆ.

ತೂಕ ಇಳಿದಂತೆ ದೇಹದ ಖರ್ಚೂ ಇಳಿಯುತ್ತದೆ. ಸೂತ್ರದ ಪ್ರಕಾರವೇ ಕಿಲೋಗೆ 10, ಓಡಾಟ ಸೇರಿ 13ರಷ್ಟು. 78ಕ್ಕೆ ಬಂದಾಗ ಇದೇ 1800ರಲ್ಲಿ ಇಳಿಕೆ ಇನ್ನೂ ನಿಧಾನ ಆಗುತ್ತದೆ. ಆಗ 1700 ಮಾಡೋಣ, ಆ 100 ಇಳಿಸಲು ಈಗ ಜಾಗ ಇಟ್ಟುಕೊಂಡಿರಿ. ಏಪ್ರಿಲಿನಲ್ಲಿ ರಕ್ತ ಪರೀಕ್ಷೆ ಮತ್ತೆ ಮಾಡಿಸಿ, ಆ 6.1 ಎಷ್ಟಾಯಿತು ಎಂದು ಇಲ್ಲಿ ಬರೆಯಿರಿ.


ಬದಿಯಡ್ಕದವ · ಫೆಬ್ರವರಿ 19

ಆಗಲಿ ಅಕ್ಕ, 1800ರಲ್ಲೇ ಇರುತ್ತೇನೆ. ನಾಳೆ ಬೆಳಗ್ಗೆ ಐದೂವರೆಗೆ ನಾನು, ಹೆಂಡತಿ ಇಬ್ಬರೂ ನಡೆಯಲು ಹೊರಡುತ್ತೇವೆ. ಬಂದು ನೀರುದೋಸೆ, ಅತ್ತಿಗೆ ಹೇಳಿದ ಹಾಗೆ ಅಕ್ಕಿ ತೂಗಿ ಅರೆದಿಟ್ಟಾಗಿದೆ: 300 ಗ್ರಾಂ ಬೆಳ್ತಿಗೆ. ಎಷ್ಟು ದೋಸೆ ಆಗುತ್ತದೆ ಎಂದು ಎಣಿಸಿ ಬರೆಯುತ್ತೇನೆ.


ಪೆರ್ಲದ ಅತ್ತಿಗೆ · ಫೆಬ್ರವರಿ 19

ನನಗೆ 500 ಗ್ರಾಂಗೆ 34 ಆಗುತ್ತದೆ, ಅಕ್ಕಿ ಮಾತ್ರ ಲೆಕ್ಕ ಹಾಕಿದರೆ ಒಂದಕ್ಕೆ 51. ನಿಮಗೆ 20 ಆದರೆ ಕಾವಲಿಗೆ ಹೊಯ್ಯುವ ಕೈ ನನ್ನದೇ ಅಳತೆಯದ್ದು. ಕಾವಲಿಗೆ ಸವರುವ ಎಣ್ಣೆ ಡಬ್ಬಿಯ ಲೆಕ್ಕದಲ್ಲಿ ಬರುತ್ತದೆ, ಬೇರೆ ಬರೆಯಬೇಡಿ. ಚಟ್ನಿಯ ಕಾಯಿ ಮರೆಯಬೇಡಿ.